ಹೊಳಬಸಪ್ಪನ ಎಡಗಾಲಿನ ಪಕ್ಕಾ ಬಣ್ಣ

ಇಳಕಲ್‌ನಲ್ಲಿ ನೂಲಿಗೆ ಬಣ್ಣ ಹಾಕುವವರನ್ನು ಗುರುತಿಸಲು ಮುಖ ನೋಡಬೇಕಾಗಿಲ್ಲ, ಕಾಲು ನೋಡಿದರೆ ಸಾಕು. ನಲವತ್ತು ವರ್ಷ ನೀಲಿ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತ ಹೊಳಬಸಪ್ಪನ ಎರಡೂ ಪಾದಗಳು ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಕಡುನೀಲಿಯಾಗಿದ್ದವು. ಮದುವೆಮನೆಯಲ್ಲಿ ಪಂಕ್ತಿಗೆ ಕೂತಾಗ ಎದುರು ಸಾಲಿನ ಬೀಗರು ಕೈಯಲ್ಲಿನ ತುತ್ತು ಹಾಗೇ ಹಿಡಿದು ಆ ಕಾಲನ್ನೇ ನೋಡುವರು. ಇವನು ಕಾಲನ್ನು ಮರೆಮಾಡುವ ಬದಲು ಇನ್ನಷ್ಟು ಮುಂದೆ ಚಾಚಿ, "ತೊಳದು ನೋಡ್ರಿ. ಹೋದ್ರ ನನಗ ಹೇಳ್ರಿ" ಎನ್ನುತ್ತಿದ್ದ. ಉಣ್ಣುವಾಗ ಯಾರೂ ಎದ್ದುಬಂದು ಇನ್ನೊಬ್ಬನ ಕಾಲು ತೊಳೆಯುವುದಿಲ್ಲವಾದ್ದರಿಂದ ಆ ಸವಾಲಿನಲ್ಲಿ ಅವನು ಒಮ್ಮೆಯೂ ಸೋತಿರಲಿಲ್ಲ.

ಸೋತದ್ದು ಸೀರೆಯಲ್ಲಿ. ಹುನಗುಂದದ ಇಂದ್ರಾಬಾಯಿ ತನ್ನ ಮಗಳ ಮದುವೆಗೆಂದು ಮಗ್ಗಕ್ಕೆ ಹೇಳಿ ನೇಯಿಸಿದ ಕಡುನೀಲಿ ಸೀರೆ ಮೊದಲ ನೀರಿಗೇ ಬಣ್ಣ ಬಿಟ್ಟಿತು. ಕೆಂಪು ಸೆರಗಿನಲ್ಲಿ ಸಾಲಾಗಿ ನಿಂತ ಬಿಳಿ ತೆನೆಯ ಚಿತ್ತಾರಗಳೆಲ್ಲ ನೀಲಿ ಕುಡಿದು, ಶಾಯಿ ಕುಡಿದ ಮಗುವಿನ ಬಾಯಿಯಂತಾಗಿದ್ದವು. ಇಂದ್ರಾಬಾಯಿ ಆ ಸೀರೆಯನ್ನು ಒದ್ದೆಯಾಗಿಯೇ ಹೊತ್ತು ತಂದು, ಹಾಡಹಗಲೇ, ಓಣಿಯವರೆಲ್ಲ ನೋಡುತ್ತಿರುವಂತೆ, ಹೊಳಬಸಪ್ಪನ ಮನೆಯ ಕಟ್ಟೆಯ ಮೇಲೆ ಎಸೆದಳು.

"ನಿಮ್ಮ ಬಣ್ಣ ನಿಮ್ಮ ಕಾಲಿಗಷ್ಟ ಹತ್ತತೈತೇನ್ರಿ ಅಣ್ಣಾರ? ಹಂಗಿದ್ರ ಕಾಲ ಉಟ್ಕೊಂಡ ಅಡ್ಯಾಡಂತ ನನ್ನ ಮಗಳಿಗೆ ಹೇಳಬೇಕಿತ್ತು!"

ಬಣ್ಣದವನ ಕಟ್ಟೆಯ ಮೇಲೆ ಒದ್ದೆ ಸೀರೆ ಬಿತ್ತೆಂದರೆ ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ನೂಲು ಕೊಡುವ ಸಾಹುಕಾರ ಪ್ರಭುಲಿಂಗ ಅಂದೇ ಸಂಜೆ ನೀಲಿಯ ಕೆಲಸವನ್ನೆಲ್ಲ ಪಕ್ಕದ ಓಣಿಯ ಅಮಾತೆಪ್ಪನಿಗೆ ಕೊಟ್ಟ. ಅಮಾತೆಪ್ಪನೂ ಬಣ್ಣದವನೇ. ಆದರೆ ರಬ್ಬರ್ ಬೂಟು ಹಾಕಿಕೊಂಡು ಬಣ್ಣ ಹಾಕುವವನು. ಬೂಟು ಹಾಕಿದವನಿಗೆ ಸೋತದ್ದು ಹೊಳಬಸಪ್ಪನ ಎದೆಗೆ ನಾಟಿತು. ಎಷ್ಟು ನಾಟಿತೆಂದರೆ ಎಂಟೇ ದಿನದಲ್ಲಿ ನಿಜವಾಗಿಯೂ ಎದೆ ಹಿಡಿದುಕೊಂಡಿತು. ದಿನಕ್ಕೆ ಎರಡು ಕಟ್ಟು ಬೀಡಿಯ ಪಾಲೂ ಅದರಲ್ಲಿತ್ತು. ಆದರೆ ಬೀಡಿಯನ್ನು ಬಯ್ಯಲು ಅವನಿಗೆ ಮನಸ್ಸಿರಲಿಲ್ಲ. ಅಮಾತೆಪ್ಪನನ್ನು ಬಯ್ಯುತ್ತಲೇ ಬಾಗಲಕೋಟೆಯ ನವನಗರದ ದವಾಖಾನೆ ಸೇರಿದ.

ಅಲ್ಲಿ ತೊಡೆಯ ಸಂದಿಯಲ್ಲಿ ಸಣ್ಣ ತೂತು ಮಾಡಿ, ಅಲ್ಲಿಂದ ತಂತಿಯಂಥ ನಳಿಕೆಯನ್ನು ಹೃದಯದವರೆಗೆ ಏರಿಸಿ, ಕಟ್ಟಿಕೊಂಡ ರಕ್ತನಾಳವನ್ನು ಬಿಡಿಸಿ ಒಂದು ಸ್ಟೆಂಟ್ ಕೂರಿಸಿದರು. ಜೀವ ಉಳಿಯಿತು. ನರ್ಸುಗಳು ಸ್ಪಿರಿಟ್ ಹಚ್ಚಿ ಅವನ ಕೈಕಾಲು ತಿಕ್ಕಿದ್ದರಿಂದ ನಲವತ್ತು ವರ್ಷದ ನೀಲಿಯೂ ಹೋಗಿ, ಪಾದಗಳು ಆಗತಾನೇ ಹುಟ್ಟಿದ ಕೂಸಿನ ಪಾದಗಳಂತೆ ಬೆಳ್ಳಗಾದವು. ಹೆಂಡತಿ ಸಾವಂತ್ರವ್ವ ಅದನ್ನು ನೋಡಿ, "ಅಯ್ಯ, ನಿಮ್ಮ ಕಾಲ ಹಿಂಗ ಅದಾವೇನ್ರಿ! ಮದಿವ್ಯಾದಾಗಿಂದ ನಾ ನೋಡೇ ಇಲ್ಲ" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಅವನು ನಗಲಿಲ್ಲ. ಹೊದಿಕೆ ಎಳೆದು ಕಾಲು ಮುಚ್ಚಿಕೊಂಡ.

ಮನೆಗೆ ಕಳಿಸುವ ದಿನ ಡಾಕ್ಟರು ನಿಖತ ಹಾಸಿಗೆಯ ಪಕ್ಕ ಬಂದು ನಿಂತಳು. ಬಾಗಲಕೋಟೆಯವಳೇ, ಮಾತು ನೇರ.

"ಕಾಕಾ, ಎದಿ ಚಲೋ ಐತಿ. ಇನ್ನ ಕಾಲಿನ ಮ್ಯಾಲ ಲಕ್ಷ್ಯ ಇರ್ಲಿ. ಬಾತ್ರ, ರಕ್ತ ಬಂದ್ರ, ಬಣ್ಣ ಬದಲಾದ್ರ, ಆವತ್ತ ಬಸ್ ಹತ್ತಬೇಕು. ಏನೂ ಆಗಲಿಲ್ಲಂದ್ರೂ ಮುಂದಿನ ಸೋಮವಾರದ ಆಚಿ ಸೋಮವಾರ ತೋರಸಾಕ ಬರ್ರಿ. ಬೀಡಿ ಬಂದ್."

"ಬರ್ತೇನ್ರಿ ಡಾಕ್ಟರಬಾಯಾರ" ಎಂದ ಹೊಳಬಸಪ್ಪ. ಆ ಕ್ಷಣದಲ್ಲಿ ಅದನ್ನು ಮನಸಾರೆ ಹೇಳಿದ್ದ.

ಊರಿಗೆ ಬಂದ ಐದನೇ ದಿನ ಬೆಳಿಗ್ಗೆ ಎಡಗಾಲಿನ ಹೆಬ್ಬೆರಳು ನೀಲಿಯಾಗಿತ್ತು. ಪಕ್ಕದ ಎರಡು ಬೆರಳೂ ಅದರ ಬೆನ್ನು ಹಿಡಿದಿದ್ದವು. ಪಾದದ ಮೇಲೆ ಸಣ್ಣ ಬಲೆ ಒತ್ತಿದಂಥ ನೇರಳೆ ಗೆರೆಗಳು. ಒಳಗೆ ಕೆಂಡ ಇಟ್ಟಂಥ ಉರಿ.

ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಹೊಳಬಸಪ್ಪನ ಮುಖ ಮಾತ್ರ ಅರಳಿತು.

"ಏ ಸಾವಂತ್ರೀ! ಬಾ ಇಲ್ಲೆ. ಬಂತ ನೋಡು!"

"ಏನ ಬಂತ್ರಿ?"

"ಬಣ್ಣ!"

ನೀಲಿ ತೊಟ್ಟಿಯ ಗುಣ ಬಲ್ಲವರಿಗೆ ಅವನ ಸಂತೋಷ ಅರ್ಥವಾದೀತು. ತೊಟ್ಟಿಯಲ್ಲಿ ಅದ್ದಿ ತೆಗೆದ ನೂಲು ಮೊದಲು ನೀಲಿಯಾಗಿರುವುದೇ ಇಲ್ಲ, ಹಳದಿ ಹಸಿರಾಗಿರುತ್ತದೆ. ಹಗ್ಗಕ್ಕೆ ಹಾಕಿ ಗಾಳಿಗೆ ಬಿಟ್ಟ ಮೇಲೆ ಕಣ್ಣೆದುರೇ ನೀಲಿ ಏರುತ್ತದೆ. ನಲವತ್ತು ವರ್ಷ ಅದನ್ನೇ ನೋಡಿದವನಿಗೆ ತನ್ನ ಕಾಲಿನ ಲೆಕ್ಕವೂ ಹಾಗೇ ಕಂಡಿತು. ದವಾಖಾನೆಯಲ್ಲಿ ಮೇಲಿನ ಬಣ್ಣ ಹೋಯಿತು, ಸರಿ. ತೊಗಲಿನ ಒಳಗೆ ಇಳಿದ ಬಣ್ಣ ಹೊದಿಕೆಯ ಕೆಳಗೆ ಗಾಳಿಯಿಲ್ಲದೆ ಮಲಗಿತ್ತು. ಈಗ ಊರಿನ ಗಾಳಿ ತಾಗಿತು, ಎದ್ದಿತು.

"ಮತ್ತ ಬಲಗಾಲು?" ಎಂದಳು ಸಾವಂತ್ರವ್ವ. ಬಲಗಾಲು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗೇ ಇತ್ತು.

"ಅದಕ್ಕಿನ್ನೂ ಗಾಳಿ ತಾಗಿಲ್ಲ."

"ಎರಡೂ ಕಾಲ ಒಂದ ಮನ್ಯಾಗ ಅದಾವಲ್ರಿ!"

ಅವನು ಒಂದು ಹಳೆಯ ಅರಿವೆ ಕೇಳಿ ಪಡೆದು ಬಲಗಾಲಿಗೆ ಸುತ್ತಿಕೊಂಡ. ಯಾರಾದರೂ ಕೇಳಿದರೆ ಉಳುಕಿದೆ ಎನ್ನುವುದು ಎಂದು ಹೆಂಡತಿಗೆ ತಾಕೀತು ಮಾಡಿದ. ಸಾವಂತ್ರವ್ವ ಅರಿವೆ ಕಟ್ಟುತ್ತಾ, "ಡಾಕ್ಟರಬಾಯಿ ಬಣ್ಣ ಬದಲಾದ್ರ ಬಾ ಅಂದಿದ್ಲು" ಎಂದಳು.

"ಬದಲಾದ್ರ ಅಂದಾಳ. ನನ್ನ ಕಾಲು ನಲವತ್ತ ವರ್ಷ ನೀಲಿ ಇತ್ತು, ಈಗೂ ನೀಲಿ ಐತಿ. ಬದಲಾಗಿದ್ದು ಏನೈತಿ? ಕಾಲ ಮುಟ್ಟಿ ನೋಡು, ಬೆಚ್ಚಗೈತಿ. ಇಲ್ಲೆ ನಾಡಿ ಹೊಡೀತೈತಿ. ಸತ್ತ ಕಾಲಿಗೆ ನಾಡಿ ಇರತೈತೇನು?"

ನಾಡಿ ನಿಜವಾಗಿಯೂ ಹೊಡೆಯುತ್ತಿತ್ತು. ಅವಳು ಅರಿವೆಯ ಗಂಟು ಬಿಗಿದಳು. ಅಂದು ಮಧ್ಯಾಹ್ನದ ಹೊತ್ತಿಗೆ ಹೊಳಬಸಪ್ಪ ಎಡಗಾಲನ್ನು ಕಟ್ಟೆಯಿಂದ ಇಳಿಬಿಟ್ಟು ಕೂತು, ಹೋಗಿ ಬರುವವರಿಗೆಲ್ಲ ಕರೆದು ಕರೆದು ತೋರಿಸಿದ. "ತೊಟ್ಟಿ ಮುಟ್ಟಿ ಇಪ್ಪತ್ತೈದ ದಿನಾತು. ಸ್ಪಿರಿಟ್ ಹಾಕಿ ತಿಕ್ಯಾರ. ಹೋಗೇತೇನ? ನನ್ನ ಬಣ್ಣ ಬಿಡತೈತಂತ. ಇಂದ್ರಾಬಾಯಿ ಮಗಳು ಸೀರೀನ ಯಾವ ನೀರಿಗೆ ಹಾಕಿದ್ಲೋ, ಯಾವ ಸೋಪ ಹಾಕಿದ್ಲೋ!"

ಮಾತು ಪಕ್ಕದ ಓಣಿಗೆ ಮುಟ್ಟಲು ಬಹಳ ಹೊತ್ತು ಬೇಕಾಗಲಿಲ್ಲ. ಅಮಾತೆಪ್ಪ ಬೂಟು ಹಾಕಿಕೊಂಡೇ ಬಂದ.

"ಏನಪಾ ಹೊಳಬಸಪ್ಪಣ್ಣ, ಕಾಲ ತೋರಿಸಿ ನೂಲ ಕೇಳಾಕತ್ತೀಯಂತಲ್ಲ?"

"ನಿನ್ನ ಬೂಟ ತಗದು ನಿನ್ನ ಕಾಲ ತೋರಸಪಾ. ಕಸಬು ಗೊತ್ತಾಕ್ಕೈತಿ."

"ತೋರಸೂದ ಬ್ಯಾಡ. ತಿಕ್ಕಿ ನೋಡೂಣು. ನೂಲ ಹೆಂಗ ತಿಕ್ತೀವೋ ಹಂಗ. ಒಪ್ಪೇನು?"

ಇಲ್ಲಿ ತಿಕ್ಕುವುದು ಎಂದರೆ ಏನೆಂದು ಹೇಳಬೇಕು. ಬಣ್ಣ ಹಾಕಿದ ನೂಲು ಪಕ್ಕಾ ಹೌದೋ ಅಲ್ಲವೋ ಎಂದು ಅನುಮಾನ ಬಂದಾಗ ಅದನ್ನು ವಾಷಿಂಗ್ ಸೋಡಾ ಹಾಕಿ ಕುದಿಸಿದ ನೀರಿನಲ್ಲಿ ನೆನೆಸಿ, ಒರಟು ಬಿಳಿ ಅರಿವೆಯಿಂದ ನೂರು ಸಲ ತಿಕ್ಕುತ್ತಾರೆ. ಅರಿವೆಗೆ ಬಣ್ಣ ಹತ್ತದಿದ್ದರೆ ಗೆದ್ದ. ಹತ್ತಿದರೆ ನೂಲು ವಾಪಸು. ಈ ತಿಕ್ಕಾಟವನ್ನು ಕಾಲಿನ ಮೇಲೆ ಮಾಡಿದವರು ಅಲ್ಲಿಯವರೆಗೆ ಇರಲಿಲ್ಲ. ಹೊಳಬಸಪ್ಪ ಎರಡನೇ ಮಾತಿಲ್ಲದೆ ಒಪ್ಪಿದ. ಬಸವಣ್ಣನ ವಾರ, ಒಳ್ಳೆಯ ದಿನ ಎಂದು ಸೋಮವಾರ ಗೊತ್ತಾಯಿತು. ಪ್ರಭುಲಿಂಗ ಸಾಹುಕಾರನೇ ನಿಂತು ನೋಡಬೇಕೆಂದೂ ಆಯಿತು.

"ಸೋಮವಾರ ದವಾಖಾನಿಗೆ ಹೋಗೂದೈತ್ರಿ" ಎಂದಳು ಸಾವಂತ್ರವ್ವ, ಎಲ್ಲರ ಎದುರೇ.

"ದವಾಖಾನಿ ಎಲ್ಲಿ ಓಡಿ ಹೊಕ್ಕೈತಿ? ಸಾಹುಕಾರ್ರು ದಿನಾ ಬರ್ತಾರೇನು?"

ಸೋಮವಾರ ಬೆಳಿಗ್ಗೆ ಕಟ್ಟೆಯ ಮುಂದೆ ಜನ ನೆರೆಯಿತು. ವಿಭೂತಿ ಧರಿಸಿ, ಬಿಳಿ ಅಂಗಿ ತೊಟ್ಟು, ಬಲಗಾಲಿಗೆ ಅರಿವೆ ಸುತ್ತಿ, ಹೊಳಬಸಪ್ಪ ಮದುಮಗನಂತೆ ಕುರ್ಚಿಯಲ್ಲಿ ಕೂತ. ಎಡಗಾಲು ಮುಂದಿನ ಸ್ಟೂಲಿನ ಮೇಲೆ. ಅಷ್ಟರಲ್ಲಿ ಹೆಬ್ಬೆರಳು ನೀಲಿ ದಾಟಿ ಕಪ್ಪಿಗೆ ತಿರುಗತೊಡಗಿತ್ತು. ಅದನ್ನು ನೋಡಿದ ಹಿರಿಯ ನೇಕಾರನೊಬ್ಬ, "ಎರಡು ಅದ್ದು ಹೆಚ್ಚಿಗೆ ಕುಡದೈತಿ" ಎಂದು ಮೆಚ್ಚಿ ತಲೆದೂಗಿದ. ಹೊಳಬಸಪ್ಪನ ಕೈಗಳು ಬೆಳ್ಳಗಿರುವುದನ್ನು ಯಾರೋ ತೋರಿಸಿದರು. "ಕೈಗೆ ನರ್ಸಬಾಯಾರು ದಿನಾ ಸ್ಪಿರಿಟ್ ಹಚ್ಚತಿದ್ರು" ಎಂದು ಅವನು ಮೊದಲೇ ಕಲಿತಿಟ್ಟ ಪಾಠ ಒಪ್ಪಿಸಿದ.

ಅಮಾತೆಪ್ಪ ತೋಳು ಮಡಚಿಕೊಂಡು ಬಿಸಿ ಸೋಡಾ ನೀರನ್ನು ಚೊಂಬಿನಿಂದ ಕಾಲಿನ ಮೇಲೆ ಸುರಿದ. ಹೊಳಬಸಪ್ಪನ ಕಣ್ಣಲ್ಲಿ ನೀರು ತುಂಬಿತು. ನಗೆ ಮಾತ್ರ ತುಟಿಯ ಮೇಲೆ ಇಟ್ಟಲ್ಲೇ ಇತ್ತು.

"ಬಿಸಿ ಆತೇನಣ್ಣಾ?"

"ನಿನ್ನ ತೊಟ್ಟಿ ನೀರು ಇಷ್ಟ ಬಿಸಿ ಇದ್ದಿದ್ರ ನೀನೂ ಬಣ್ಣದಾಂವ ಆಗ್ತಿದ್ದಿ. ತಿಕ್ಕು."

ಜನ ನಕ್ಕರು. ನಗೆ ಅಮಾತೆಪ್ಪನ ಕೈಗೆ ಬಲ ಕೊಟ್ಟಿತು. ಒಂದು, ಎರಡು, ಮೂರು ಎಂದು ಓಣಿಯೇ ಎಣಿಸಿತು. ಇಪ್ಪತ್ತರ ಹೊತ್ತಿಗೆ ಹೊಳಬಸಪ್ಪ ಕುರ್ಚಿಯ ಕೈ ಹಿಡಿದ. ನಲವತ್ತಕ್ಕೆ ಅವನ ಅಂಗಿಯ ಬೆನ್ನು ಒದ್ದೆಯಾಯಿತು. ಸಾವಂತ್ರವ್ವ ಬಾಗಿಲಲ್ಲಿ ನಿಂತು ಅವನ ಮುಖವನ್ನು ನೋಡುತ್ತಿದ್ದಳು. ನಲವತ್ತು ವರ್ಷದಲ್ಲಿ ಆ ಮುಖ ನಗುವಾಗ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು, ಇದು ಅದಲ್ಲ. "ಸಾಕ್ ಮಾಡ್ರೀ" ಎಂದು ಅವಳು ಕೂಗಿದಾಗ ಅವನೇ ತಿರುಗಿ, "ಸುಮ್ನಿರಲೇ, ನೂರಾಗಬೇಕು" ಎಂದು ಗದರಿದ.

ಎಪ್ಪತ್ತೆರಡಕ್ಕೆ ಅಮಾತೆಪ್ಪ ಅರಿವೆ ಮೇಲೆತ್ತಿ ಕುಣಿದ.

"ಬಂತು! ಹತ್ತಿತು! ನೋಡ್ರಿ ಸಾಹುಕಾರ್ರ, ಅರಿವಿಗೆ ಹತ್ತಿತು!"

ಪ್ರಭುಲಿಂಗ ಕನ್ನಡಕ ಏರಿಸಿ ಅರಿವೆಯನ್ನು ಬಿಸಿಲಿಗೆ ಹಿಡಿದ. ಅದರ ಮೇಲೆ ಬಣ್ಣ ಇತ್ತು. ಆದರೆ ಕೆಂಪು.

ಹೊಳಬಸಪ್ಪ ಉಸಿರು ಕೂಡಿಸಿಕೊಂಡು ಹೇಳಿದ: "ನಾ ನೀಲಿ ಹಾಕಾಂವ್ರಿ. ಕೆಂಪು ನಂದಲ್ಲ."

ಆ ದಿನ ಓಣಿ ನಕ್ಕ ನಗೆಯನ್ನು ಇಳಕಲ್ ಇನ್ನೂ ಮರೆತಿಲ್ಲ. ಸಾಹುಕಾರನೂ ನಕ್ಕು ತೀರ್ಪು ಕೊಟ್ಟ: "ನೀಲಿ ಬಂದಿಲ್ಲ. ಕೆಂಪಿಗೆ ಹೊಳಬಸಪ್ಪ ಜವಾಬ್ದಾರ ಅಲ್ಲ." ನೂರು ಪೂರ್ತಿಯಾಯಿತು. ಮರುದಿನವೇ ನೂಲಿನ ಗಂಟುಗಳು ಅಮಾತೆಪ್ಪನ ಅಂಗಳದಿಂದ ಹೊರಟು ಹೊಳಬಸಪ್ಪನ ಅಂಗಳಕ್ಕೆ ಬಂದು ಬಿದ್ದವು. ಅವನು ಹಾಸಿಗೆಯಲ್ಲಿ ಮಲಗಿಯೇ ಅವನ್ನು ನೋಡಿದ. ಏಳಲು ಆಗಲಿಲ್ಲ.

ನಾಲ್ಕನೆಯ ದಿನ ಜ್ವರ. ಐದನೆಯ ದಿನ ವಾಸನೆ. ಊದುಬತ್ತಿ ಹಚ್ಚಿದರೂ ಮುಚ್ಚದ ವಾಸನೆ. ಸಾವಂತ್ರವ್ವ ಇನ್ನು ಕೇಳುವ ಗೋಜಿಗೆ ಹೋಗಲಿಲ್ಲ. ಆಟೋ ತರಿಸಿ, ಬಸ್ಸಿಗೆ ಹತ್ತಿಸಿ, ಹುನಗುಂದ ದಾಟಿ, ಅಮೀನಗಡ ದಾಟಿ, ನವನಗರಕ್ಕೆ ಒಯ್ದಳು. ಅಮೀನಗಡದಲ್ಲಿ ಬಸ್ಸು ನಿಂತಾಗ ಅವನು, "ಡಾಕ್ಟರಬಾಯಿಗೆ ಒಂದ ಡಬ್ಬಿ ಕರದಂಟು ತಗೋ. ತಡಾ ಮಾಡಿ ಹೊಂಟೇವಿ" ಎಂದ. ಅವಳು ತೆಗೆದುಕೊಳ್ಳಲಿಲ್ಲ.

ನಿಖತ ಕಾಲು ನೋಡಿದಳು. ಆಮೇಲೆ ಬಲಗಾಲಿನ ಅರಿವೆ ಬಿಚ್ಚಿದಳು. ಒಳಗೆ ಗಾಯವಿಲ್ಲ, ಬಾವಿಲ್ಲ, ಬೆಳ್ಳನೆಯ ಪಾದ.

"ಇದಕ್ಯಾಕ ಅರಿವಿ ಕಟ್ಟೀರಿ ಕಾಕಾ?"

ಹೊಳಬಸಪ್ಪ ಗೋಡೆಯ ಕಡೆ ನೋಡಿದ. ಉತ್ತರ ಕೊಟ್ಟವಳು ಸಾವಂತ್ರವ್ವ. ತೊಟ್ಟಿ, ಗಾಳಿ, ಸೋಡಾ, ನೂರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಕೇಳುತ್ತಾ ಕೇಳುತ್ತಾ ನಿಖತಳ ಕೈಯಲ್ಲಿನ ಪೆನ್ನು ನಿಂತುಹೋಯಿತು.

"ಕಾಕಾ, ನಿಮ್ಮೂರ ಬೋರಿನ ನೀರಿಗೆ ಪೈಪಿನೊಳಗ ಬಿಳೀ ಗಟ್ಟಿ ಕಟ್ಟತೈತಲ್ಲ? ನಿಮ್ಮ ದೊಡ್ಡ ರಕ್ತನಾಳದೊಳಗೂ ಹಂಗ ಕೊಬ್ಬಿನ ಗಟ್ಟಿ ಕಟ್ಟೇತಿ. ನಾವು ಎದಿಗೆ ನಳಿಕಿ ಏರಿಸಿದಾಗ ಅದರಾಗಿನ ಸಣ್ಣ ಸಣ್ಣ ಚೂರು ಎದ್ದಾವ. ಎದ್ದು ರಕ್ತದ ಜೋಡಿ ಕೆಳಗ ಹರದು, ಬೆರಳಿನ ಕೂದಲೆಳಿಯಂಥ ನಾಳದಾಗ ಸಿಕ್ಕೊಂಡಾವ. ದೊಡ್ಡ ನಾಳ ಖುಲ್ಲಾ ಐತಿ, ಅದಕ್ಕ ನಾಡಿ ಸಿಗತೈತಿ. ತುದಿಗೆ ರಕ್ತ ಇಲ್ಲ. ಆ ನೀಲಿ ಐತಲ್ಲ, ಬಣ್ಣ ಅಲ್ಲ. ಅದು ಉಸಿರಿಲ್ಲದ ಮಾಂಸ."

"ಹಂಗಾದ್ರ ಇದು ನೀವ ಮಾಡಿದ್ದಾತಲ್ರಿ" ಎಂದ ಹೊಳಬಸಪ್ಪ. ಧ್ವನಿಯಲ್ಲಿ ಒಂದು ಆಸೆ ಇತ್ತು. ಯಾರಾದರೊಬ್ಬರು ಮಾಡಿದ್ದಾದರೆ ಬಯ್ಯಲು ಬರುತ್ತದೆ.

"ನಳಿಕಿ ಏರಿಸದಿದ್ರ ಎದಿ ನಿಲ್ತಿತ್ತು. ಸಾವಿರದಾಗ ಕೆಲವು ಮಂದಿಗೆ ಹಿಂಗ ಆಕ್ಕೈತಿ, ತಾನಾಗೇ ಚೂರು ಎದ್ದು ಆಗೂದೂ ಐತಿ. ಅದಕ್ಕ ಬಣ್ಣ ಬದಲಾದ್ರ ಬಾ ಅಂದಿದ್ದೆ. ಆವತ್ತ ಬಂದಿದ್ರ..."

"ಆವತ್ತ ಬಂದಿದ್ರ?" ಎಂದಳು ಸಾವಂತ್ರವ್ವ.

"ಉಳೀತಿತ್ತು ಅಂತ ಆಣಿ ಮಾಡಾಕ ಬರೂದಿಲ್ಲ ಕಾಕು. ಆದ್ರ ಔಷಧ ಕೊಟ್ಟು, ಬೀಡಿ ಬಿಡಿಸಿ, ಕಾಲ ಒಣಗಿಸಿ ಇಟ್ರ ಭಾಳ ಮಂದೀದು ಉಳೀತಾವ. ಬಿಸಿನೀರು ಹಾಕಿ ತಿಕ್ಕಬಾರದಿತ್ತು. ತೊಗಲು ಹರದು ಕೀವು ಒಳಗ ಇಳದೈತಿ. ಈಗ ಬೆರಳಷ್ಟ ಅಲ್ಲ. ಪಾದದ ಮುಂದಿನ ಅರ್ಧ ತಗೀಬೇಕು. ನಾಳಿಗೆ ಮುಂದ ಹಾಕಿದ್ರ ಮೊಣಕಾಲು."

ಹೊಳಬಸಪ್ಪ ಕೇಳಿದ ಪ್ರಶ್ನೆ ಇದು: "ಚೀಟ್ಯಾಗ ಏನಂತ ಬರೀತೀರಿ?"

"ಆಗಿದ್ದನ್ನ ಬರೀತೇನಿ."

"ಬಣ್ಣದಿಂದ ಅಂತ ಬರೀಲಿಕ್ಕೆ ಬರೂದಿಲ್ಲೇನ್ರಿ?"

ಬರುವುದಿಲ್ಲ ಎಂದಳು. ಬರೆಯುವುದು ಇಂಗ್ಲಿಷಿನಲ್ಲಿ ಎಂದು ತಿಳಿದ ಮೇಲೆ ಅವನಿಗೆ ಸಮಾಧಾನವಾಯಿತು. ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಸಹಿ ಮಾಡಿದ.

ಅರ್ಧ ಪಾದ ಹೋಯಿತು. ಮೂರು ವಾರದ ಮೇಲೆ, ಹಿಮ್ಮಡಿಯ ಮೇಲೆ ಕುಕ್ಕರಿಸಿದಂತೆ ನಿಲ್ಲುವ ಒಂದು ಗಿಡ್ಡ ಕಾಲು, ಒಂದು ಕೋಲು, ಒಂದು ಚೀಟಿ, ಇಷ್ಟನ್ನು ತೆಗೆದುಕೊಂಡು ಹೊಳಬಸಪ್ಪ ಇಳಕಲ್‌ಗೆ ಬಂದ. ನೋಡಲು ಬಂದವರಲ್ಲಿ ಮೊದಲಿಗ ಪ್ರಭುಲಿಂಗ. ಅವನು ಕುಂತು, ಕಾಲಿನ ಕಡೆ ನೋಡಿಯೂ ನೋಡದಂತೆ, "ಏನಾತೋ ಮಾರಾಯಾ?" ಎಂದು ಕೇಳಿದ.

ಆಗ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸಕ್ಕರೆ ಕಾಯಿಲೆ ಎಂದಿದ್ದರೂ ಆಗುತ್ತಿತ್ತು. ಆ ಊರಿನಲ್ಲಿ ಸಕ್ಕರೆ ಕಾಯಿಲೆ ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಆದರೆ ಹಾಸಿಗೆಯಲ್ಲಿ ಮೂರು ವಾರ ಮಲಗಿ ಅವನು ಒಂದು ಮಾತು ಕಟ್ಟಿಕೊಂಡು ಬಂದಿದ್ದ.

"ಕಾಲ ಹೋತ್ರಿ ಸಾಹುಕಾರ್ರ. ಬಣ್ಣ ಹೋಗಲಿಲ್ಲ!"

ಪ್ರಭುಲಿಂಗ ನಗಲಿಲ್ಲ. ಚಹಾದ ಕಪ್ಪನ್ನು ಕೆಳಗಿಟ್ಟ. "ಅಂದ್ರ ಬಣ್ಣ ಕಾಲ ತಿಂತೇನು?"

"ಅಷ್ಟು ಒಳಗ ಇಳದಿತ್ರಿ. ಪಕ್ಕಾ ಅಂದ್ರ ಪಕ್ಕಾ."

ಎರಡೇ ದಿನದಲ್ಲಿ ಮಾತು ಹುನಗುಂದ ಮುಟ್ಟಿತು. ಇಂದ್ರಾಬಾಯಿ ಮತ್ತೆ ಬಂದಳು. ಈ ಸಲ ಕೈಯಲ್ಲಿ ಸೀರೆ ಇರಲಿಲ್ಲ, ಪಕ್ಕದಲ್ಲಿ ಮಗಳಿದ್ದಳು. "ಅಣ್ಣಾರ, ಇಕಿ ಆ ಸೀರಿ ನಾಕ ತಾಸು ಉಟ್ಟಾಳ. ಸೊಂಟಕ್ಕ ಕಟ್ಟಿದ್ಲು. ಹೊಟ್ಟಿಲಿದ್ದಾಳ್ರಿ. ಕೂಸಿಗೆ ಏನರ ಆತಂದ್ರ?" ಎಂದು ಕಟ್ಟೆಯ ಮೇಲೆ ಕೂತು ಅತ್ತಳು. ಅವಳು ಬಯ್ದಿದ್ದರೆ ಹೊಳಬಸಪ್ಪ ತಡೆದುಕೊಳ್ಳುತ್ತಿದ್ದ. ಓಣಿಯ ಹೆಂಗಸರು ಸುತ್ತ ನಿಂತು ಕೇಳಿದರು. ಕಾಲು ತಿನ್ನುವ ಬಣ್ಣದ ನೂಲನ್ನು ಕೈಯಲ್ಲಿ ಹಿಡಿದು ನೇಯಲು ಯಾವ ಮನೆಯ ಮಗ್ಗವೂ ಒಪ್ಪಲಿಲ್ಲ. ಕೆಲವರು ಅವನ ಮನೆಯ ಮುಂದಿನ ಚರಂಡಿ ದಾಟುವಾಗ ಸೀರೆ ಎತ್ತಿ ಹಿಡಿಯತೊಡಗಿದರು. ಮರುವಾರ ಪ್ರಭುಲಿಂಗನ ಗಾಡಿ ನೂಲಿನ ಗಂಟು ಒಯ್ಯಲು ಬಂದು ನಿಂತಿತು. ಜೊತೆಗೆ ಸಾಹುಕಾರ, ಅವನ ಹಿಂದೆ ಅಮಾತೆಪ್ಪ.

ಹೊಳಬಸಪ್ಪ ಕೋಲು ಊರಿ ಓಡಿಬಂದ. ಅದನ್ನು ಓಟ ಎನ್ನುವುದಾದರೆ. ಕೈಯಲ್ಲಿ ದವಾಖಾನೆಯ ಚೀಟಿ.

"ಸಾಹುಕಾರ್ರ, ಬಣ್ಣ ಅಲ್ರಿ! ಕೊಬ್ಬಿನ ಚೂರು! ಚೀಟ್ಯಾಗ ಬರದೈತಿ, ಓದ್ರಿ!"

ಸಾಹುಕಾರನಿಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಬಿಟ್ಟು ಬೇರೆ ಓದಲು ಬರುತ್ತಿರಲಿಲ್ಲ. ಅಮಾತೆಪ್ಪ ಚೀಟಿಯನ್ನು ತಲೆಕೆಳಗೆ ಹಿಡಿದು ನೋಡಿ, "ಬಣ್ಣದ ಹೆಸರೂ ಹಿಂಗ ಇರತಾವ್ರಿ" ಎಂದ. ಹೊಳಬಸಪ್ಪ ನಿಖತಳಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಸಾಹುಕಾರನ ಮುಂದೆ ಹಿಡಿದ. "ಡಾಕ್ಟರಬಾಯಾರ, ಇವರಿಗೆ ಹೇಳ್ರಿ. ಒಂದ ಮಾತು. ಬಣ್ಣ ಅಲ್ಲ ಅಂತ ಹೇಳ್ರಿ."

ನಿಖತ ಹೇಳಿದಳು. ಪೈಪು, ಗಟ್ಟಿ, ಚೂರು, ಕೂದಲೆಳೆಯಂಥ ನಾಳ, ಎಲ್ಲವನ್ನೂ ತಾಳ್ಮೆಯಿಂದ, ಅಂಗಳದಲ್ಲಿದ್ದ ಅಷ್ಟೂ ಜನಕ್ಕೆ ಕೇಳುವಂತೆ ಹೇಳಿದಳು. "ಅವರ ಬಣ್ಣಕ್ಕೂ ಇದಕ್ಕೂ ಸಂಬಂಧ ಇಲ್ಲರಿ. ಅವರ ಕಾಲ ಮ್ಯಾಲೆ ಬಣ್ಣ ಇರಲೇ ಇಲ್ಲ. ನಮ್ಮ ನರ್ಸುಗಳು ತೊಳದು ಕಳಿಸಿದ್ರು. ಒಂದ ಸಲಕ್ಕ ಹೋತು."

ಫೋನು ನಿಂತಿತು. ಪ್ರಭುಲಿಂಗ ಕನ್ನಡಕ ತೆಗೆದು ಒರೆಸಿಕೊಂಡ. ಅವನು ಕೆಟ್ಟವನಲ್ಲ, ಪ್ರಶ್ನೆಯನ್ನು ಮೆಲ್ಲಗೇ ಕೇಳಿದ.

"ಹಂಗಾದ್ರ ಹೊಳಬಸಪ್ಪಾ, ಒಂದ ಸಲಕ್ಕ ಹೋಗಿತ್ತಾ? ಮತ್ತ ಆವತ್ತು ನಾವು ನೂರು ಸಲ ತಿಕ್ಕಿದ್ದು ಏನು?"

ಹೊಳಬಸಪ್ಪ ಅಮಾತೆಪ್ಪನ ಕೈಯಿಂದ ಚೀಟಿ ಇಸಿದುಕೊಂಡು ಮಡಚತೊಡಗಿದ.

"ನನ್ನ ಗಂಡನ್ನ ತಿಕ್ಕಿದ್ರಿ" ಎಂದಳು ಸಾವಂತ್ರವ್ವ ಬಾಗಿಲಿನಿಂದ. "ಒಯ್ಯಿರಿ, ನೂಲ ಒಯ್ಯಿರಿ."

ಗಂಟುಗಳು ಒಂದೊಂದಾಗಿ ಗಾಡಿ ಏರಿದವು. ಕೊನೆಯ ಗಂಟು ಭಾರವಿತ್ತು, ಹಮಾಲನೊಬ್ಬನಿಂದ ಏಳಲಿಲ್ಲ. ಅಮಾತೆಪ್ಪ ಸುತ್ತ ನೋಡಿ, ಜನ ಆಗಲೇ ಚದುರಿ ಬೇರೆ ಯಾರೂ ಹತ್ತಿರವಿಲ್ಲದ್ದರಿಂದ, "ಅಣ್ಣಾ, ಆ ಕಡಿಂದ ಒಂಚೂರು ಹಿಡಿಯಪಾ" ಎಂದ. ಹೊಳಬಸಪ್ಪ ಕೋಲನ್ನು ಗೋಡೆಗೆ ಆನಿಸಿ ಬಗ್ಗಿ ಹಿಡಿದ. ಎತ್ತುವಾಗ ಮುಂದಕ್ಕೆ ಭಾರ ಬಿತ್ತು, ಅಲ್ಲಿ ಊರಲು ಬೆರಳಿರಲಿಲ್ಲ. ಅವನು ಗಂಟಿನ ಮೇಲೆಯೇ ಬೋರಲು ಬಿದ್ದ. ನೂಲು ಮೆತ್ತಗಿದ್ದುದರಿಂದ ಪೆಟ್ಟಾಗಲಿಲ್ಲ. ಅವನನ್ನು ಪಕ್ಕಕ್ಕೆ ಸರಿಸಿ, ಗಂಟನ್ನು ಗಾಡಿಗೆ ಹಾಕಿದರು.